ಅಂಕೆಯಿಂದ ಹೆಸರಿಗೆ: ಡಾ. ಫ್ಲೀಟ್ ಸಾಹೇಬರ ಜೀವನ

ಕನ್ನಡ ನಾಡಿನ ಇತಿಹಾಸವನ್ನು ಪರೀಕ್ಷೆಯ ಮಟ್ಟಿಗಾದರೂ ಓದಿದ ವಿದ್ಯಾರ್ಥಿಗೆ ಫ್ಲೀಟ್ ಎಂಬ ಹೆಸರು ಹೊಸದಲ್ಲ. ಆದರೆ ಆ ಹೆಸರು ನಮ್ಮ ಕಣ್ಣಿಗೆ ಬೀಳುವುದು ಪುಟದ ತಳದಲ್ಲಿ, ಸಣ್ಣ ಅಕ್ಷರದ ಅಡಿಟಿಪ್ಪಣಿಯಲ್ಲಿ. ಇಂಥ ಅರಸನು ಇಂಥ ವರ್ಷದಲ್ಲಿ ಪಟ್ಟವೇರಿದನೆಂದು ಪಠ್ಯಪುಸ್ತಕವು ಧೈರ್ಯದಿಂದ ಹೇಳುತ್ತದೆ. ನಾವೂ ಅದೇ ಧೈರ್ಯದಿಂದ ಉತ್ತರಪತ್ರಿಕೆಯಲ್ಲಿ ಬರೆದು ಬರುತ್ತೇವೆ. ಆ ವರ್ಷವನ್ನು ಮೊದಲು ಲೆಕ್ಕ ಹಾಕಿ ತೆಗೆದವರು ಯಾರು, ಹೇಗೆ ತೆಗೆದರು ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಅಡಿಟಿಪ್ಪಣಿಯಲ್ಲಿ ಕುಳಿತ ಈ ಮನುಷ್ಯನನ್ನು ಒಂದಿಷ್ಟು ಹೊತ್ತು ಪುಟದ ನಡುವಿಗೆ ಕರೆತರಬೇಕೆಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಜಾನ್ ಫೇತ್‌ಫುಲ್ ಫ್ಲೀಟರು ಹುಟ್ಟಿದ್ದು ೧೮೪೭ರಲ್ಲಿ. ತಂದೆ ಲಂಡನ್ನಿನಲ್ಲಿ ಸಕ್ಕರೆಯ ದಲಾಲಿ ವ್ಯಾಪಾರಿ. ಮಗ ಅಲ್ಲಿಯ ಮರ್ಚಂಟ್ ಟೇಲರ್ಸ್ ಶಾಲೆಯಲ್ಲಿ ಓದಿ, ೧೮೬೫ರಲ್ಲಿ ಹಿಂದುಸ್ಥಾನದ ಸಿವಿಲ್ ಸೇವೆಗೆ ಆಯ್ಕೆಯಾದನು. ಹಡಗು ಹತ್ತುವ ಮೊದಲು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗೋಲ್ಡ್‌ಸ್ಟ್ಯೂಕರ್ ಎಂಬ ಜರ್ಮನ್ ಪಂಡಿತರ ಬಳಿ ಸಂಸ್ಕೃತವನ್ನು ಕಲಿತದ್ದು ಮುಂದಿನ ಇಡೀ ಬಾಳಿಗೆ ಬಂಡವಾಳವಾಯಿತು. ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇವರ ತಮ್ಮನೊಬ್ಬ ರಟ್ಲೆಂಡ್ ಬ್ಯಾರಿಂಗ್ಟನ್ ಎಂಬ ರಂಗನಾಮದಿಂದ ಲಂಡನ್ನಿನ ಸಂಗೀತ ನಾಟಕಗಳಲ್ಲಿ ಪಾತ್ರ ವಹಿಸಿ ಹೆಸರು ಗಳಿಸಿದನು. ಅಣ್ಣ ಗದಗು ಬಾದಾಮಿಗಳ ಕಲ್ಲುಗಳ ಮುಂದೆ ಕುಳಿತಿದ್ದರೆ, ತಮ್ಮ ಅಲ್ಲಿ ದೀಪಗಳ ಮುಂದೆ ನಿಂತಿದ್ದನು. ಒಂದೇ ಮನೆಯಲ್ಲಿ ಇಷ್ಟು ಭಿನ್ನವಾದ ಎರಡು ಹವ್ಯಾಸಗಳು ಬೆಳೆದದ್ದು ನನಗೆ ಮೋಜಾಗಿ ಕಾಣುತ್ತದೆ.

೧೮೬೭ರಲ್ಲಿ ಫ್ಲೀಟರು ಮುಂಬಯಿಗೆ ಬಂದರು. ಕಂದಾಯ ಇಲಾಖೆಯ ಅಸಿಸ್ಟೆಂಟ್ ಕಲೆಕ್ಟರರಾಗಿ ಕೆಲಸ ಆರಂಭವಾಯಿತು. ೧೮೭೨ರಲ್ಲಿ ದಕ್ಷಿಣ ವಿಭಾಗದ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರರಾದರು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಮೈಮುರಿದು ದುಡಿದ ಇಲಾಖೆಯಿದು. ೧೮೭೫ರಲ್ಲಿ ಕೊಲ್ಹಾಪುರ ಮತ್ತು ದಕ್ಷಿಣ ಮರಾಠಾ ಪ್ರದೇಶದ ಅಸಿಸ್ಟೆಂಟ್ ಪೊಲಿಟಿಕಲ್ ಏಜಂಟರಾದರು. ಈ ಕೆಲಸಗಳೆಲ್ಲ ತಿರುಗಾಟದವು. ಬೆಳಗಾವಿ, ಧಾರವಾಡ, ಆಗ ಕಲಾದಗಿ ಎಂದು ಕರೆಸಿಕೊಳ್ಳುತ್ತಿದ್ದ ವಿಜಾಪುರ ಜಿಲ್ಲೆ, ಇವುಗಳ ಹಳ್ಳಿಗಳಲ್ಲಿ ಗುಡಿಯ ಮುಂದೊಂದು, ಕೆರೆಯ ಏರಿಯ ಮೇಲೊಂದು, ಹಿತ್ತಿಲ ಗೋಡೆಯಲ್ಲಿ ತಲೆಕೆಳಗಾಗಿ ಸಿಕ್ಕಿಕೊಂಡದ್ದೊಂದು ಎಂಬಂತೆ ಶಾಸನದ ಕಲ್ಲುಗಳು. ಇವತ್ತಿಗೂ ನಮ್ಮ ಹುಬ್ಬಳ್ಳಿ ಧಾರವಾಡದ ಸುತ್ತಿನ ಊರುಗಳಲ್ಲಿ ಹೀಗೆಯೇ ಇದೆ. ಊರವರಿಗೆ ಅದು ದೇವರ ಕಲ್ಲು ಇಲ್ಲವೆ ನಿಧಿಯ ಗುರುತಿನ ಕಲ್ಲು. ಫ್ಲೀಟರಿಗೆ ಅದು ಓದಬೇಕಾದ ಕಾಗದ. ಓದಬೇಕಾದರೆ ಹಳಗನ್ನಡ ಬರಬೇಕು. ಅದನ್ನೂ ಅವರು ಕಲಿತರು.

ಶಾಸನಗಳನ್ನು ಕೂಡಿಸಿದವರಲ್ಲಿ ಫ್ಲೀಟರೇ ಮೊದಲಿಗರಲ್ಲ. ಅವರಿಗಿಂತ ಅರ್ಧ ಶತಮಾನ ಮುಂಚೆ ವಾಲ್ಟರ್ ಎಲಿಯಟ್ಟರು ಇದೇ ಸೀಮೆಯಲ್ಲಿದ್ದರು. ೧೮೨೪ರ ಕಿತ್ತೂರು ಕಾಳಗದಲ್ಲಿ ಥ್ಯಾಕರೆ ಬಿದ್ದಾಗ ರಾಣಿ ಚೆನ್ನಮ್ಮನ ಸೆರೆಯಲ್ಲಿದ್ದ ಇಬ್ಬರು ಬಿಳಿಯರಲ್ಲಿ ಎಲಿಯಟ್ಟರೂ ಒಬ್ಬರು. ಬಿಡುಗಡೆಯಾದ ಮೇಲೆ ಅವರು ನೂರಾರು ಶಾಸನಗಳನ್ನು ಬರೆಗಾರರಿಂದ ಕೈಯಿಂದಲೇ ಪ್ರತಿ ಮಾಡಿಸಿದರು. ಆ ದೊಡ್ಡ ಸಂಗ್ರಹವನ್ನು ಫ್ಲೀಟರು ಬಹಳ ಬಳಸಿಕೊಂಡರು. ಬಳಸುತ್ತ ಬಳಸುತ್ತ ಅದರ ಕುಂದನ್ನೂ ಕಂಡರು. ಕೈಬರಹದ ಪ್ರತಿಯಲ್ಲಿ ಬರೆಗಾರನು ಕಂಡದ್ದರ ಜೊತೆಗೆ ತಾನು ತಿಳಿದದ್ದೂ ಸೇರಿಬಿಡುತ್ತದೆ. ಸವೆದ ಒಂದು ಅಂಕೆ, ಒಡೆದ ಒಂದು ಅಕ್ಷರ ಅವನ ಊಹೆಯಿಂದ ಪೂರ್ತಿಯಾಗಿಬಿಡುತ್ತದೆ. ಕಲ್ಲಿನ ಮೇಲೆ ನೆನೆಸಿದ ಕಾಗದವನ್ನು ಹಾಸಿ, ಕುಂಚದಿಂದ ಬಡಿದು, ಮಸಿ ಹಚ್ಚಿ ತೆಗೆದ ಅಚ್ಚಿನಲ್ಲಿ ಈ ಉಪಕಾರ ನಡೆಯುವುದಿಲ್ಲ. ಹೀಗೆ ಯಾಂತ್ರಿಕವಾಗಿ ತೆಗೆದ ಪ್ರತಿಯೇ ಪ್ರಮಾಣವೆಂಬ ಹಟವನ್ನು ಫ್ಲೀಟರು ಕೊನೆಯವರೆಗೂ ಬಿಡಲಿಲ್ಲ. ೧೮೭೮ರಲ್ಲಿ ಅವರು ಪಾಲಿ, ಸಂಸ್ಕೃತ ಮತ್ತು ಹಳಗನ್ನಡ ಶಾಸನಗಳ ಛಾಯಾಪ್ರತಿಗಳ ಒಂದು ಸಂಪುಟವನ್ನು ಹೊರತಂದರು.

ಇಷ್ಟಾದರೂ ಅಕ್ಷರ ಓದಿದ ಮಾತ್ರಕ್ಕೆ ಇತಿಹಾಸವಾಗಲಿಲ್ಲ. ಶಾಸನವು ಯಾವ ಕಾಲದ್ದೆಂದು ತಿಳಿಯಬೇಕು. ಫ್ಲೀಟರ ಜೀವಮಾನದ ಹೆಚ್ಚಿನ ಪಾಲು ಸಂದದ್ದು ಈ ಒಂದು ಪ್ರಶ್ನೆಗೆ. ಆದುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ.

ನಮ್ಮ ಶಾಸನಗಳಲ್ಲಿ ವರ್ಷಕ್ಕೆ ಎರಡು ಗುರುತುಗಳಿರುತ್ತವೆ. ಒಂದು ಅಂಕೆ, ಇನ್ನೊಂದು ಹೆಸರು. ಅಂಕೆಯೆಂದರೆ ಶಕವರ್ಷ ಇಷ್ಟನೆಯದು ಎಂಬುದು. ಹೆಸರೆಂದರೆ ಪ್ರಭವ, ವಿಭವ ಮೊದಲಾದ ಅರವತ್ತು ಸಂವತ್ಸರಗಳಲ್ಲಿ ಒಂದು. ಅಂಕೆ ಮುಂದೆ ಮುಂದೆ ಏರುತ್ತಲೇ ಹೋಗುತ್ತದೆ, ಹೆಸರು ಅರವತ್ತಕ್ಕೊಮ್ಮೆ ತಿರುಗಿ ಬರುತ್ತದೆ. ಒಂದರಿಂದ ಇನ್ನೊಂದನ್ನು ಕಂಡುಹಿಡಿಯುವ ಲೆಕ್ಕ ತೀರ ಸುಲಭ. ಗತಶಕ ವರ್ಷಕ್ಕೆ ೧೨ ಕೂಡಿಸಿ ೬೦ರಿಂದ ಭಾಗಿಸಿದರೆ ಉಳಿದ ಶೇಷವೇ ಸಂವತ್ಸರದ ಕ್ರಮಸಂಖ್ಯೆ; ಏನೂ ಉಳಿಯದಿದ್ದರೆ ಅದು ಕೊನೆಯದಾದ ಅಕ್ಷಯ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯು ಬಸದಿಯನ್ನು ಕಟ್ಟಿಸಿದ ಶಾಸನದ ಕಾಲ ಕ್ರಿ. ಶ. ೧೦೦೭, ಅಂದರೆ ಶಕ ೯೨೯. ಹನ್ನೆರಡು ಕೂಡಿಸಿದರೆ ೯೪೧, ಭಾಗಿಸಿದರೆ ಶೇಷ ೪೧, ನಲವತ್ತೊಂದನೆಯದು ಪ್ಲವಂಗ. ಹಳ್ಳಿಯ ಜೋಯಿಸರು ಇದನ್ನು ಬೆರಳ ಗೆಣ್ಣಿನ ಮೇಲೆಯೇ ಮಾಡಿ ತೋರಿಸುತ್ತಾರೆ.

ಧಾರವಾಡದ ಸೀಮೆಯ ಶಾಸನಗಳಲ್ಲಿ ಇನ್ನೊಂದು ತೊಡಕುಂಟು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನು ೧೦೭೬ರಲ್ಲಿ ಪಟ್ಟಕ್ಕೆ ಬಂದಾಗ ಹಳೆಯ ಶಕವನ್ನು ಬದಿಗಿಟ್ಟು ತನ್ನದೇ ಹೊಸ ಎಣಿಕೆಯನ್ನು ತೊಡಗಿಸಿದನು. ಅಂದಿನಿಂದ ಕಲ್ಲುಗಳ ಮೇಲೆ ಚಾಲುಕ್ಯ ವಿಕ್ರಮ ವರ್ಷ ಇಷ್ಟನೆಯದು ಎಂದು ಸಣ್ಣ ಅಂಕೆ ಮಾತ್ರ ಬರತೊಡಗಿತು. ಒಂದನೆಯ ವರ್ಷ ನಳ ಸಂವತ್ಸರ, ಎಂದರೆ ಐವತ್ತನೆಯದು. ಆದಕಾರಣ ವಿಕ್ರಮ ವರ್ಷಕ್ಕೆ ೪೯ ಕೂಡಿಸಿದರೆ ಹೆಸರು ಸಿಗುತ್ತದೆ, ೧೦೭೫ ಕೂಡಿಸಿದರೆ ಕ್ರಿಸ್ತವರ್ಷ ಸಿಗುತ್ತದೆ. ಮೂವತ್ತೇಳನೆಯ ವರ್ಷವೆಂದರೆ ೮೬, ಅರವತ್ತು ಕಳೆದರೆ ೨೬, ನಂದನ ಸಂವತ್ಸರ, ಕ್ರಿ. ಶ. ೧೧೧೨. ಈಗ ಹೇಳುವುದಕ್ಕೆ ಎರಡು ಸಾಲು. ಆದರೆ ಆ ಒಂದನೆಯ ವರ್ಷ ಯಾವುದೆಂಬುದನ್ನು ಕಲ್ಲಿನಿಂದ ಕಲ್ಲಿಗೆ ಹೋಲಿಸಿ ಗೊತ್ತುಪಡಿಸಬೇಕಾಗಿತ್ತು. ಫ್ಲೀಟರು ಈ ವಿಕ್ರಮ ವರ್ಷದ ಮೇಲೆಯೇ ೧೮೭೯ರಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಬರೆದರು.

ಬರೀ ಹೆಸರನ್ನು ನಂಬಿದರೆ ಏನಾಗುತ್ತದೆಂಬುದಕ್ಕೆ ಇದೇ ನಂದನವನ್ನು ನೋಡಿರಿ. ಕ್ರಿ. ಶ. ೧೦೫೨ ನಂದನ, ೧೧೧೨ ನಂದನ, ೧೧೭೨ ನಂದನ. ಮೊದಲನೆಯದರಲ್ಲಿ ಆಳುತ್ತಿದ್ದವನು ಒಂದನೆಯ ಸೋಮೇಶ್ವರ, ಎರಡನೆಯದರಲ್ಲಿ ವಿಕ್ರಮಾದಿತ್ಯ. ಮೂರನೆಯದರ ಹೊತ್ತಿಗೆ ಚಾಲುಕ್ಯರೇ ಮೂಲೆಗೆ ಸರಿದು ಕಳಚುರಿ ಬಿಜ್ಜಳನ ಮಗನು ಗದ್ದುಗೆಯ ಮೇಲಿದ್ದನು. ಅರಸನ ಹೆಸರು ಒಡೆದುಹೋದ ಕಲ್ಲಿನಲ್ಲಿ ನಂದನ ಸಂವತ್ಸರವೊಂದೇ ಉಳಿದಿದ್ದರೆ ಅದು ಈ ಮೂವರಲ್ಲಿ ಯಾರ ಕಾಲದ್ದೂ ಆಗಬಹುದು.

ನನ್ನ ಸಹಪಾಠಿಗಳಲ್ಲಿ ಗಣಕಯಂತ್ರದ ಹುಚ್ಚಿರುವವರಿಗೆ ಇದು ಕೇಳಿದಂತಹ ಮಾತೆಂದು ಅನಿಸದೆ ಇರಲಾರದು. ನನಗೆ ಫ್ಲೀಟರ ಲೆಕ್ಕ ಚೆನ್ನಾಗಿ ಮನಸ್ಸಿಗೆ ಹತ್ತಿದ್ದೂ ಈ ದಾರಿಯಿಂದಲೇ. ಲಿನಕ್ಸ್ ನಡೆಯುವ ಯಂತ್ರವೊಂದರ ಮುಂದೆ ಕುಳಿತು ಯುನೇಮ್ -ಆರ್ ಎಂಬ ಅಪ್ಪಣೆಯನ್ನು ಕೊಟ್ಟರೆ ಅದು ತನ್ನ ತಿರುಳಿನ, ಅಂದರೆ ಕರ್ನೆಲ್ಲಿನ, ಅಂಕೆಯನ್ನು ಹೇಳುತ್ತದೆ. ಹೊರಗಿನ ಹೆಸರನ್ನು ಹೇಳುವುದಿಲ್ಲ. ಅಂಕೆಯಿಂದ ಹೆಸರಿಗೆ ನಾವೇ ಹೋಗಬೇಕು. ಡೆಬಿಯನ್ ಎಂಬ ವ್ಯವಸ್ಥೆಯಲ್ಲಿ ೫.೧೦ ಎಂದರೆ ಬುಲ್ಸ್‌ಐ, ೬.೧ ಎಂದರೆ ಬುಕ್‌ವರ್ಮ್. ಉಬುಂಟುವಿನಲ್ಲಿ ೫.೧೫ ಎಂದರೆ ೨೦೨೨ರ ಜ್ಯಾಮಿ ಜೆಲ್ಲಿಫಿಶ್, ೬.೮ ಎಂದರೆ ೨೦೨೪ರ ನೋಬಲ್ ನಂಬ್ಯಾಟ್. ಉಬುಂಟುವಿನ ಹೆಸರುಗಳು ಇಂಗ್ಲಿಷ್ ಅಕ್ಷರಮಾಲೆಯ ಸರದಿಯಲ್ಲಿ ಬರುತ್ತವೆ. ಮಾಲೆ ಮುಗಿದ ಮೇಲೆ ೨೦೧೭ರಲ್ಲಿ ಮತ್ತೆ ಮೊದಲ ಅಕ್ಷರದಿಂದ ಆರಂಭವಾಯಿತು. ನಮ್ಮ ಸಂವತ್ಸರ ಚಕ್ರವೇ ಸರಿ! ಆದಕಾರಣ ಜೆ ಅಕ್ಷರದ ಹೆಸರೆಂದು ಮಾತ್ರ ನೆನಪಿದ್ದರೆ ಸಾಲದು. ೨೦೦೯ರಲ್ಲಿ ಜಾಂಟಿ ಜ್ಯಾಕಲೋಪ್ ಎಂಬುದೂ ಇತ್ತು. ಅದರ ತಿರುಳಿನ ಅಂಕೆ ೨.೬.೨೮. ಅಂಕೆಯನ್ನು ನೋಡಿದರೆ ಗೊಂದಲ ಕಳೆಯುತ್ತದೆ.

ಆದರೆ ಅಂಕೆಯೂ ಒಂದೊಂದು ಸಲ ಕೈಕೊಡುತ್ತದೆ. ಹಳೆಯ ಜ್ಯಾಮಿಯೊಳಗೇ ಹೊಸ ಯಂತ್ರಗಳಿಗಾಗಿ ೬.೮ರ ತಿರುಳನ್ನು ತಂದಿಡುವುದುಂಟು. ಅಂಕೆಯನ್ನು ಮಾತ್ರ ನೋಡಿದವನು ಅದನ್ನು ನೋಬಲ್ ಎಂದು ಸಾರಿಬಿಟ್ಟಾನು. ಇನ್ನು ಕಂಟೇನರ್ ಎಂಬ ಏರ್ಪಾಟಿನಲ್ಲಿ ತಿರುಳು ಮನೆಯ ಯಜಮಾನನದು, ಹೆಸರು ಒಳಗಿನ ಬಾಡಿಗೆದಾರನದು. ಅಲ್ಲಿ ಯುನೇಮ್ ಹೇಳುವ ಅಂಕೆಗೂ ಓಎಸ್-ರಿಲೀಸ್ ಎಂಬ ಕಡತದಲ್ಲಿ ಬರೆದಿಟ್ಟ ಹೆಸರಿಗೂ ಸಂಬಂಧವೇ ಇರುವುದಿಲ್ಲ. ಒಂದು ಗುಡಿಯ ಶಾಸನದ ಕಲ್ಲನ್ನು ಕಿತ್ತು ತಂದು ಇನ್ನೊಂದು ಗುಡಿಯ ಗೋಡೆಗೆ ಇಟ್ಟ ಹಾಗೆ! ಕಲ್ಲಿನ ವರ್ಷವನ್ನು ಗೋಡೆಯ ವರ್ಷವೆಂದು ತಿಳಿಯುವಂತಿಲ್ಲ. ಇಂಥ ಕಡೆ ಜಾಣನಾದವನು ಅಂಕೆಯನ್ನೂ ಹೆಸರನ್ನೂ ಎರಡನ್ನೂ ಕೇಳಿ, ಎರಡೂ ಒಪ್ಪಿದರೆ ನಂಬುತ್ತಾನೆ, ಒಪ್ಪದಿದ್ದರೆ ಏಕೆ ಒಪ್ಪಲಿಲ್ಲವೆಂದು ಹುಡುಕುತ್ತಾನೆ.

ಫ್ಲೀಟರು ಮಾಡಿದ್ದೂ ಇದನ್ನೇ. ಅಂಕೆ ಹೆಸರುಗಳು ಒಪ್ಪದಿರುವುದಕ್ಕೆ ಎಷ್ಟು ನಿರಪರಾಧಿ ಕಾರಣಗಳಿರಬಹುದೆಂದು ಅವರು ಮೊದಲು ನೋಡುತ್ತಿದ್ದರು. ಶಕದ ಅಂಕೆ ಕಳೆದುಹೋದ ವರ್ಷವನ್ನು ಹೇಳುತ್ತದೆಯೋ, ನಡೆಯುತ್ತಿರುವ ವರ್ಷವನ್ನು ಹೇಳುತ್ತದೆಯೋ? ಇದರಲ್ಲಿಯೇ ಒಂದು ವರ್ಷದ ಅಂತರ ಬೀಳುತ್ತದೆ. ಸಂವತ್ಸರವು ದಕ್ಷಿಣದ ಸರದಿಯದೋ, ಉತ್ತರದ ಸರದಿಯದೋ? ಉತ್ತರದವರು ಗುರುಗ್ರಹದ ಗತಿಯನ್ನು ಅನುಸರಿಸಿ ಸುಮಾರು ೮೫ ವರ್ಷಕ್ಕೊಮ್ಮೆ ಒಂದು ಹೆಸರನ್ನು ಬಿಟ್ಟು ಮುಂದೆ ಹೋಗುತ್ತಾರೆ. ನಾವು ಸುಮಾರು ಕ್ರಿ. ಶ. ೯೦೬ರಿಂದ ಈಚೆಗೆ ಬಿಡುವುದನ್ನೇ ಬಿಟ್ಟೆವು. ಅದರಿಂದಾಗಿ ಇಂದು ಕಾಶಿಯ ಪಂಚಾಂಗದ ಸಂವತ್ಸರ ನಮ್ಮದಕ್ಕಿಂತ ಹನ್ನೆರಡಕ್ಕೂ ಹೆಚ್ಚು ಹೆಸರು ಮುಂದಿದೆ. ಮೇಲೆ ಹೇಳಿದ ಹನ್ನೆರಡು ಕೂಡಿಸುವ ಲೆಕ್ಕವೂ ಆ ಕಾಲದಿಂದ ಈಚೆಗೆ ಮಾತ್ರ ನಡೆಯುತ್ತದೆ; ಬಾದಾಮಿಯ ಚಾಲುಕ್ಯರಿಗೆ ಹಚ್ಚಿದರೆ ತಪ್ಪು ಹೆಸರು ಬರುತ್ತದೆ.

ಈ ಪಂಚಾಂಗದ ಕಾಡಿನಲ್ಲಿ ಅವರಿಗೆ ದಾರಿ ತೋರಿಸಿದವರು ಶಂಕರ ಬಾಳಕೃಷ್ಣ ದೀಕ್ಷಿತರು. ರತ್ನಾಗಿರಿ ಜಿಲ್ಲೆಯ ಮುರುಡಿನವರು, ಭಾರತೀಯ ಜ್ಯೋತಿಷವನ್ನು ಅರೆದು ಕುಡಿದವರು. ಬಿಳಿಯ ಅಧಿಕಾರಿಯ ಹೆಸರು ಅಡಿಟಿಪ್ಪಣಿಗಾದರೂ ಬಂದಿತು. ನಲವತ್ತೈದನೆಯ ವಯಸ್ಸಿಗೇ ತೀರಿಕೊಂಡ ಈ ದೀಕ್ಷಿತರನ್ನು ನಾವು ಅಲ್ಲಿಯೂ ಅಪರೂಪವಾಗಿ ಕಾಣುತ್ತೇವೆ.

೧೮೮೨ರಲ್ಲಿ ಮುಂಬಯಿ ಗೆಝೆಟಿಯರಿಗಾಗಿ ಫ್ಲೀಟರು ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬರೆದರು. ಕದಂಬರು, ಚಾಲುಕ್ಯರು, ರಾಷ್ಟ್ರಕೂಟರು, ಕಳಚುರಿಗಳು, ಸವದತ್ತಿಯ ರಟ್ಟರು ಮೊದಲಾದವರನ್ನೆಲ್ಲ ಕಲ್ಲು ತಾಮ್ರಗಳ ಆಧಾರದಿಂದ ಸಾಲಾಗಿ ನಿಲ್ಲಿಸಿದ ಗ್ರಂಥವಿದು. ೧೮೯೬ರಲ್ಲಿ ಅದನ್ನು ವಿಸ್ತರಿಸಿ ಮತ್ತೆ ಬರೆದರು. ಗೆಝೆಟಿಯರಿನ ಅದೇ ಸಂಪುಟದಲ್ಲಿ ರಾಮಕೃಷ್ಣ ಗೋಪಾಳ ಭಾಂಡಾರಕರರ ದಖ್ಖಣದ ಇತಿಹಾಸವೂ ಇದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನು ಬರೆಯಿಸಿದ ಶಾಸನವು ಕೀರ್ತಿವರ್ಮನ ಹನ್ನೆರಡನೆಯ ಆಳ್ವಿಕೆಯ ವರ್ಷವನ್ನೂ ಶಕ ೫೦೦ ಎಂಬ ಅಂಕೆಯನ್ನೂ ಒಟ್ಟಿಗೆ ಕೊಡುತ್ತದೆ. ಈ ಒಂದು ಗೂಟಕ್ಕೆ ಕಟ್ಟಿ ಹಿಂದಕ್ಕೂ ಮುಂದಕ್ಕೂ ಹಗ್ಗ ಎಳೆದರೆ ಬಾದಾಮಿಯ ಅರಸರ ಕಾಲವೆಲ್ಲ ಹದಕ್ಕೆ ಬರುತ್ತದೆ. ಐಹೊಳೆಯ ಮೇಗುತಿಯಲ್ಲಿರುವ ರವಿಕೀರ್ತಿಯ ಶಾಸನ ಇನ್ನೂ ಸೊಗಸು. ಕವಿಯು ಭಾರತ ಯುದ್ಧದಿಂದ ೩೭೩೫ ವರ್ಷವೆಂದೂ ಶಕರಾಜರ ಕಾಲದಿಂದ ೫೫೬ ವರ್ಷವೆಂದೂ ಎರಡು ಎಣಿಕೆಗಳನ್ನು ಕೊಟ್ಟಿದ್ದಾನೆ. ಕಲಿಗೂ ಶಕಕ್ಕೂ ೩೧೭೯ ವರ್ಷಗಳ ಅಂತರ. ಕಳೆದು ನೋಡಿದರೆ ಸರಿಯಾಗಿ ೫೫೬ ಬರುತ್ತದೆ. ತನ್ನನ್ನು ತಾನೇ ತಾಳೆ ನೋಡಿಕೊಂಡ ಇಂಥ ಶಾಸನವನ್ನು ಸಂಪಾದಿಸುವಾಗ ಫ್ಲೀಟರಿಗೆ ಎಷ್ಟು ಸಂತೋಷವಾಗಿರಬೇಡ!

೧೮೮೩ರಲ್ಲಿ ಹಿಂದುಸ್ಥಾನ ಸರಕಾರವು ಶಾಸನ ಸಂಶೋಧಕನೆಂಬ ಹುದ್ದೆಯನ್ನು ನಿರ್ಮಿಸಿ ಫ್ಲೀಟರನ್ನು ಅದಕ್ಕೆ ನೇಮಿಸಿತು. ಮೂರು ವರ್ಷ ಅವರು ಆ ಕೆಲಸದಲ್ಲಿದ್ದರು. ಗುಪ್ತರ ಸಂವತ್ಸರ ಗಣನೆ ಯಾವಾಗ ಮೊದಲಾಯಿತೆಂಬುದು ಆಗಿನ ಪಂಡಿತರ ದೊಡ್ಡ ಜಗಳ. ಒಬ್ಬೊಬ್ಬರದು ಒಂದೊಂದು ವರ್ಷ, ನಡುವೆ ಎರಡು ಶತಮಾನಕ್ಕೂ ಮಿಕ್ಕಿದ ಅಂತರ. ಮಾಳವ ಸಂವತ್ಸರ ೪೯೩ರಲ್ಲಿ ಕುಮಾರಗುಪ್ತನ ಹೆಸರನ್ನು ಹೇಳುವ ಮಂದಸೋರಿನ ಶಾಸನದಿಂದ ಫ್ಲೀಟರು ಗಂಟನ್ನು ಬಿಚ್ಚಿದರು: ಗುಪ್ತಶಕದ ಆರಂಭ ಕ್ರಿ. ಶ. ೩೧೯–೨೦. ಏರಣದ ಕಂಬದ ಮೇಲೆ ಗುಪ್ತವರ್ಷ ೧೬೫, ಆಷಾಢ ಶುದ್ಧ ದ್ವಾದಶಿ, ಗುರುವಾರ ಎಂದಿದೆ. ದೀಕ್ಷಿತರು ಗಣಿತ ಹಾಕಿ ನೋಡಿದರೆ ಕ್ರಿ. ಶ. ೪೮೪ನೆಯ ಜೂನ್ ೨೧, ಅಂದು ಗುರುವಾರವೇ. ಇದೆಲ್ಲ ೧೮೮೮ರಲ್ಲಿ ಗುಪ್ತ ಶಾಸನಗಳ ಮಹಾಸಂಪುಟವಾಗಿ ಹೊರಬಂದಿತು. ಉತ್ತರ ಹಿಂದುಸ್ಥಾನದ ಇತಿಹಾಸಕ್ಕೆ ತಳಹದಿ ಹಾಕಿದ ಈ ಕೈ ಪಳಗಿದ್ದು ನಮ್ಮ ಕನ್ನಡ ಕಲ್ಲುಗಳ ಮೇಲೆ ಎಂಬುದನ್ನು ನಾವು ಮರೆಯಬಾರದು.

ಇಲ್ಲಿಯವರೆಗಿನದೆಲ್ಲ ನಮಗೆ ಪ್ರಿಯವಾದ ಮಾತು. ಅಪ್ರಿಯವಾದದ್ದೂ ಒಂದಿದೆ. ಫ್ಲೀಟರು ನಮ್ಮ ಗಂಗರ ತಾಮ್ರಪಟಗಳನ್ನು ಒಂದರ ಮೇಲೊಂದರಂತೆ ಕೃತಕವೆಂದು ತಳ್ಳಿಹಾಕಿದರು. ಮೈಸೂರಿನಲ್ಲಿ ಶಾಸನ ಇಲಾಖೆಯನ್ನು ನಡೆಸುತ್ತಿದ್ದ, ಬೆಂಗಳೂರಿನಲ್ಲಿಯೇ ಹುಟ್ಟಿದ, ಲೂಯಿ ರೈಸ್ ಸಾಹೇಬರು ಅವೇ ಪಟಗಳ ಆಧಾರದಿಂದ ಗಂಗವಂಶದ ಪುರಾತನತೆಯನ್ನು ಎತ್ತಿಹಿಡಿದಿದ್ದರು. ಇಬ್ಬರ ನಡುವೆ ಈ ವಾದ ವರ್ಷಗಟ್ಟಲೆ ನಡೆಯಿತು. ಮೊದಲ ಸಲ ಇದನ್ನು ಓದಿದಾಗ ನನಗೆ ಫ್ಲೀಟರ ಮೇಲೆ ಸಿಟ್ಟೇ ಬಂದಿತು. ಬ್ರಿಟಿಷ್ ಸರಕಾರದ ನೌಕರನಿಗೆ ನಮ್ಮ ನಾಡಿನ ಹಳಮೆಯನ್ನು ಕಂಡರೆ ಆಗದೆಂದು ನನ್ನ ಗೆಳೆಯನೊಬ್ಬನು ಹೇಳಿಯೂ ಬಿಟ್ಟನು.

ಹೀಗಿರಲು ಮಡಿಕೇರಿಯ ತಾಮ್ರಪಟವನ್ನು ನಾನು ಎದುರಿಗಿಟ್ಟುಕೊಂಡೆನು. ಪಟವನ್ನಲ್ಲ, ಅಚ್ಚಾದ ಪಾಠವನ್ನು. ಗಂಗ ಅವಿನೀತನ ಹೆಸರಿನಲ್ಲಿರುವ ಇದು ಬದಣೆಗುಪ್ಪೆ ಎಂಬ ಊರನ್ನು ಜಿನಾಲಯಕ್ಕೆ ಬಿಟ್ಟ ದಾನಪತ್ರ. ಕಾಲ ೩೮೮ನೆಯ ವರ್ಷ, ಮಾಘಮಾಸ, ಸೋಮವಾರ, ಸ್ವಾತಿ ನಕ್ಷತ್ರ, ಶುದ್ಧ ಪಂಚಮಿ. ಯಾವ ಶಕವೆಂದು ಅದರಲ್ಲಿಲ್ಲ; ಶಾಲಿವಾಹನ ಶಕವೆಂದು ಹಿಡಿದರೆ ಕ್ರಿ. ಶ. ೪೬೬ ಆಗುತ್ತದೆ. ಗಣಿತ ಬಾರದವರೂ ಇದನ್ನು ಪರೀಕ್ಷಿಸಬಹುದು. ಮಾಘ ಶುದ್ಧ ಪಂಚಮಿಯೆಂದರೆ ವಸಂತ ಪಂಚಮಿ. ನಮ್ಮ ಮನೆಯಲ್ಲಿದ್ದ ನಾಲ್ಕಾರು ವರ್ಷಗಳ ಪಂಚಾಂಗಗಳನ್ನು ತೆಗೆದು ಆ ದಿನದ ನಕ್ಷತ್ರವನ್ನು ನೋಡಿದೆನು. ಒಂದು ವರ್ಷ ಉತ್ತರಾಭಾದ್ರಾ, ಇನ್ನೊಂದು ವರ್ಷ ರೇವತಿ. ಸ್ವಾತಿ ಎಲ್ಲಿಯೂ ಇಲ್ಲ, ಇರಲೂ ಸಾಧ್ಯವಿಲ್ಲ. ಮಾಘದಲ್ಲಿ ಚಂದ್ರನು ಸ್ವಾತಿಗೆ ಬರಬೇಕಾದರೆ ಹುಣ್ಣಿಮೆ ಕಳೆದು ಬಹುಳ ಷಷ್ಠಿ ಸಪ್ತಮಿಯಾಗಬೇಕು. ಎಂದರೆ ಆ ಪಟವನ್ನು ಬರೆದವನು ತಾನು ಹೇಳುವ ದಿನದ ಆಕಾಶವನ್ನು ನೋಡಿದವನಲ್ಲ. ಸಾಲದ್ದಕ್ಕೆ ಅದರಲ್ಲಿ ಅಕಾಲವರ್ಷ ಪೃಥುವೀವಲ್ಲಭನ ಮಂತ್ರಿಯ ಮಾತು ಬರುತ್ತದೆ. ಅಕಾಲವರ್ಷ ಎಂಬುದು ರಾಷ್ಟ್ರಕೂಟ ಕೃಷ್ಣರ ಬಿರುದು. ಅವರು ಬಂದದ್ದು ಇದಕ್ಕೆ ಮುನ್ನೂರು ವರ್ಷಗಳ ಮೇಲೆ. ಹೊರಗೆ ಹಳೆಯ ಹೆಸರು, ಒಳಗೆ ಹೊಸ ತಿರುಳು! ಹಿಂದಿನ ಒಂದು ನಿಜವಾದ ದಾನವನ್ನು ಮುಂದೆ ಯಾರೋ ಹೊಸದಾಗಿ ಬರೆಯಿಸಿಕೊಂಡಿರಬೇಕೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಮಾನ್ಯದ ಭೂಮಿಯ ಹಕ್ಕನ್ನು ಸ್ಥಾಪಿಸಲು ಹಳೆಯ ಪತ್ರ ಬೇಕಾಗುತ್ತಿತ್ತು, ಇಲ್ಲದಿದ್ದರೆ ಮಾಡಿಸಿಕೊಳ್ಳುತ್ತಿದ್ದರು. ಕಚೇರಿಗಳಲ್ಲಿ ಇನಾಮಿನ ಕಾಗದಗಳನ್ನು ತಪಾಸಣೆ ಮಾಡಿ ರೂಢಿಯಾದ ಅಧಿಕಾರಿಗೆ ಇದರ ವಾಸನೆ ಬೇಗ ಹತ್ತಿತೆಂದು ಕಾಣುತ್ತದೆ.

೧೯೦೧ರಲ್ಲಿ ಅವರು ಇಂಥ ಕೃತಕ ಶಾಸನಗಳ ಪಟ್ಟಿಯನ್ನೇ ಮಾಡಿ ಪ್ರಕಟಿಸಿದರು. ಪಟ್ಟಿಯಲ್ಲಿ ನಮ್ಮವು ಮಾತ್ರವಲ್ಲ, ಗುಜರಾತಿನವೂ ಬಂಗಾಲದ ಕಡೆಯವೂ ಇದ್ದವು. ಹಾಗಾಗಿ ಕನ್ನಡದ ಮೇಲಿನ ಮತ್ಸರವೆಂಬ ನನ್ನ ಗೆಳೆಯನ ಮಾತು ನಿಲ್ಲಲಾರದು. ಆದರೂ ಫ್ಲೀಟರು ಇಲ್ಲಿ ಹದ ತಪ್ಪಿದರೆಂದೇ ನನ್ನ ಅಭಿಪ್ರಾಯ. ಪಟಗಳು ಸುಳ್ಳೆಂದು ತೋರಿಸುವುದು ಬೇರೆ, ಆ ಅರಸರೇ ಇರಲಿಲ್ಲವೆನ್ನುವುದು ಬೇರೆ. ಪಟಗಳಿಂದ ಅವರು ಅರಸರವರೆಗೆ ಹೋಗಿ, ಗಂಗರ ಮೊದಲ ತಲೆಮಾರುಗಳ ವಂಶಾವಳಿಯೇ ಕಟ್ಟುಕತೆಯೆಂದರು. ಮುಂದೆ ಪೆನುಗೊಂಡೆಯ ತಾಮ್ರಪಟಗಳು ಬೆಳಕಿಗೆ ಬಂದವು. 'ಮಾಧವ' ಎಂಬ ಗಂಗ ಅರಸನ ಆ ಪಟಗಳ ಲಿಪಿಯನ್ನೂ ಬರವಣಿಗೆಯನ್ನೂ ನೋಡಿದ ಫ್ಲೀಟರು ಇವು ನಿಜವಾದವು, ಐದನೆಯ ಶತಮಾನದವು ಎಂದು ಒಪ್ಪಿಕೊಂಡರು. ಆಗ ಅವರಿಗೆ ಅರವತ್ತೈದು ದಾಟಿತ್ತು. ಇಪ್ಪತ್ತು ವರ್ಷ ಎದುರಾಳಿಯೊಡನೆ ಹೋರಾಡಿದ ಮೇಲೆ, ಅವನು ಇನ್ನೂ ಬದುಕಿ ನೋಡುತ್ತಿರುವಾಗಲೇ, ಅಚ್ಚಿನಲ್ಲಿ ಹೀಗೆ ಒಪ್ಪಿಕೊಳ್ಳುವುದು ಹಗುರಾದ ಕೆಲಸವಲ್ಲ. ಅವರ ಎಲ್ಲ ಪಾಂಡಿತ್ಯಕ್ಕಿಂತ ಇದೊಂದು ಸಂಗತಿ ನನಗೆ ಅವರನ್ನು ಹತ್ತಿರ ಮಾಡಿತು.

ಶಾಸನ ಸಂಶೋಧಕನ ಹುದ್ದೆಯನ್ನು ಬಿಟ್ಟಮೇಲೆ ಅವರು ಸೊಲ್ಲಾಪುರದ ಕಲೆಕ್ಟರರಾದರು, ದಕ್ಷಿಣ ವಿಭಾಗದ ಕಮಿಶನರರಾದರು, ಸುಂಕದ ಕಮಿಶನರರಾದರು. ಆ ಹುದ್ದೆಗಳ ವಿವರ ನಮಗೆ ಬೇಡ. ಅದರ ನಡುವೆಯೇ ರಿಚರ್ಡ್ ಟೆಂಪಲ್ಲರ ಜೊತೆಗೂಡಿ ಇಂಡಿಯನ್ ಆಂಟಿಕ್ವರಿಯ ಸಂಪಾದಕತ್ವವನ್ನೂ ನಡೆಸಿದರು. ೧೮೮೫ರಿಂದ ಆ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಸಂಗೊಳ್ಳಿ ರಾಯಣ್ಣನ ಬಂಡು, ಹಲಗಲಿಯ ಬೇಡರ ಕಾಳಗ, ಸಂಗ್ಯಾನ ಕೊಲೆ, ವರಮಾನ ತೆರಿಗೆ ಬಂದಾಗ ಜನ ಪಟ್ಟ ಪಾಡು ಇವೆಲ್ಲ ಅದರಲ್ಲಿವೆ. ರಾಯಣ್ಣನನ್ನು ಗಲ್ಲಿಗೆ ಹಾಕಿದ, ಹಲಗಲಿಯನ್ನು ಸುಟ್ಟ ಸರಕಾರದ ಉಪ್ಪನ್ನು ತಿಂದವರು ಆ ಹಾಡುಗಳನ್ನು ಬರೆದಿಟ್ಟುಕೊಂಡರು! ಗಾಯಕರ ಬಾಯಿಯಲ್ಲಿದ್ದ ಪಾಠವನ್ನು ತಿದ್ದದೆ ಹಾಗೆಯೇ ಕೊಟ್ಟದ್ದರಿಂದ ಧಾರವಾಡ ಸೀಮೆಯ ಅಂದಿನ ಆಡುಮಾತು ನಮಗೆ ದೊರೆಯಿತು. ಕಲ್ಲಿನ ಮೇಲೆ ಕಾಗದ ಒತ್ತಿ ಅಚ್ಚು ತೆಗೆಯುವ ಚಾಳಿ ಇಲ್ಲಿಯೂ ಕೆಲಸ ಮಾಡಿತೆನ್ನಬೇಕು.

೧೮೯೭ರಲ್ಲಿ ನಿವೃತ್ತರಾಗಿ ಲಂಡನ್ನಿನ ಬಳಿಯ ಈಲಿಂಗಿನಲ್ಲಿ ನೆಲೆಸಿದರು. ೧೯೦೬ರಿಂದ ರಾಯಲ್ ಏಶಿಯಾಟಿಕ್ ಸೊಸಾಯಿಟಿಯ ಕಾರ್ಯದರ್ಶಿಯಾಗಿ ಅದರ ಪತ್ರಿಕೆಯನ್ನು ನೋಡಿಕೊಂಡರು. ೧೯೧೭ನೆಯ ಫೆಬ್ರುವರಿ ೨೧ರಂದು ತೀರಿಕೊಂಡರು. ಆಲೂರು ವೆಂಕಟರಾಯರ ಕರ್ನಾಟಕ ಗತವೈಭವ ಧಾರವಾಡದಲ್ಲಿ ಪ್ರಕಟವಾದದ್ದು ಅದೇ ವರ್ಷ. ಒಬ್ಬರು ಅಂಕೆಗಳನ್ನು ಕೂಡಿಸಿಟ್ಟು ಹೋದರು, ಇನ್ನೊಬ್ಬರು ಆ ಅಂಕೆಗಳ ಹಿಂದಿದ್ದ ನಾಡಿನ ಹೆಸರನ್ನು ಹಿಡಿದು ಕೂಗಿದರು.

ಫ್ಲೀಟರಿಗೆ ಸಿಗದೆ ಹೋದ ಒಂದು ಅಂಕೆಯ ಮಾತನ್ನು ಹೇಳಿ ಮುಗಿಸುತ್ತೇನೆ. ಬಾದಾಮಿಯ ಚಾಲುಕ್ಯರಲ್ಲಿ ಮೊದಲ ಮಹಾರಾಜನಾದ ಒಂದನೆಯ ಪುಲಿಕೇಶಿಯ ಶಕವರ್ಷವುಳ್ಳ ನಿಜವಾದ ಶಾಸನ ಅವರ ಕಾಲದಲ್ಲಿ ಒಂದೂ ಇರಲಿಲ್ಲ. ಮಗನಾದ ಕೀರ್ತಿವರ್ಮನ ಕಾಲದಿಂದ ಹಿಂದಕ್ಕೆ ಲೆಕ್ಕ ಹಾಕಿ, ಅವನು ಆರನೆಯ ಶತಮಾನದ ನಡುವಿನವನೆಂದು ಅವರು ಊಹಿಸಿದ್ದರು. ೧೯೪೧ರಲ್ಲಿ ಬಾದಾಮಿಯ ಕೋಟೆಯ ಬಂಡೆಯ ಮೇಲೆ, ಕಣ್ಣಿಗೆ ಸುಲಭವಾಗಿ ಬೀಳದ ಎತ್ತರದಲ್ಲಿ, ಅವನದೇ ಶಾಸನ ಸಿಕ್ಕಿತು. ೧೯೩೯ರಲ್ಲಿ ನಮ್ಮ ಧಾರವಾಡದಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನ ಸಂಸ್ಥೆಯ ಆರ್. ಎಸ್. ಪಂಚಮುಖಿಯವರು ಅದನ್ನು ಓದಿ ಪ್ರಕಟಿಸಿದರು. ಅದರಲ್ಲಿದ್ದ ಅಂಕೆ ಶಕ ೪೬೫, ಅಂದರೆ ಕ್ರಿ. ಶ. ೫೪೩.